ಲೆಕ್ಕಕ್ಕೆ ಹಿಡಿಯದ ಟಗರು

ಮೊದಲೇ ಹೇಳಿಬಿಡುತ್ತೇನೆ, ನಾವು ಆಡುವುದು ಇಸ್ಪೀಟ್ ಅಲ್ಲ. ಈ ಮಾತನ್ನು ಗೋಕಾಕದ ನಮ್ಮ ಓಣಿಯಲ್ಲಿ, ಘಟಪ್ರಭಾದ ಆಸ್ಪತ್ರೆಯ ನರ್ಸುಗಳ ಕೋಣೆಯಲ್ಲಿ, ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೆಲ್ಲ ಹೇಳಿ ಹೇಳಿ ನನಗೆ ಸಾಕಾಗಿದೆ. ರಾಜ, ರಾಣಿ, ಗುಲಾಮ ಯಾರೂ ಇಲ್ಲ, ದುಡ್ಡು ಹಚ್ಚುವುದಂತೂ ಇಲ್ಲವೇ ಇಲ್ಲ. ಇದರ ಹೆಸರು ಗಡಿಕೋಟೆ. ನೂರಾರು ಬಗೆಯ ಎಲೆಗಳಿರುತ್ತವೆ. ಅದರಲ್ಲಿ ನಮಗೆ ಬೇಕಾದ ನಲವತ್ತನ್ನು ಆರಿಸಿ ಒಂದು ಕಟ್ಟು ಮಾಡಿಕೊಂಡು, ಎದುರಿನವರ ಕೋಟೆಯ ಕಲ್ಲುಗಳನ್ನು ಒಂದೊಂದಾಗಿ ಉದುರಿಸಬೇಕು. ನಲವತ್ತು ಅಂದರೆ ನಲವತ್ತೇ.

ಇಷ್ಟು ಬಿಡಿಸಿ ಹೇಳಿದರೂ ಘಟಪ್ರಭಾ ಸ್ಟೇಷನ್ ಎದುರಿನ ಚಾದಂಗಡಿಯ ಲಗಮಣ್ಣ ಮಾಮಾ ನಾವು ಎಲೆ ತೆಗೆದ ಕೂಡಲೇ ಬಾಗಿಲ ಕಡೆ ನೋಡುತ್ತಾನೆ. "ಆಡ್ರಿ, ಆಡ್ರಿ. ಪೊಲೀಸ್ರು ಬಂದ್ರ ನನ್ನ ಹೆಸರ ಮಾತ್ರ ಹೇಳಬ್ಯಾಡ್ರಿ" ಅನ್ನುತ್ತಾನೆ. ಮೂರು ವರ್ಷದಿಂದ ಪ್ರತಿ ಭಾನುವಾರ ಇದೇ ಮಾತು.

ನಾನು ಆಮ್ರಪಾಲಿ. ಕಟ್ಟು ಕಟ್ಟುವುದರಲ್ಲಿ ನನ್ನನ್ನು ಮೀರಿಸುವವರು ಈ ಮೂರು ತಾಲೂಕಿನಲ್ಲಿ ಇಲ್ಲ. ಇದು ಜಂಭ ಅಂದುಕೊಂಡರೆ ಅಂದುಕೊಳ್ಳಿ, ನನಗೇನೂ ಬೇಜಾರಿಲ್ಲ. ಆದರೆ ಆಡುವುದು ನನ್ನಿಂದಾಗದು. ನನಗೆ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಎರಡು ಸರದಿ ಕೆಟ್ಟರೆ ತಲೆ ಕೆಟ್ಟು, ಕೈಗೆ ಬಂದ ಎಲೆಯನ್ನು ಕುಟ್ಟಿ ಕೂತುಬಿಡುತ್ತೇನೆ. ಅದಕ್ಕೇ ಜೋಡಿ ಪಂದ್ಯ ನನಗೆ ಹೇಳಿ ಮಾಡಿಸಿದಂಥದ್ದು. ಅದರಲ್ಲಿ ಒಬ್ಬರು ಕಟ್ಟು ಕಟ್ಟಬೇಕು, ಇನ್ನೊಬ್ಬರು ಆಡಬೇಕು.

ನನ್ನ ಜೋಡಿ ಸಿದ್ರಾಯ. ಮೂಡಲಗಿ ಕಡೆಯ ಕುರುಬರ ಹುಡುಗ, ಇಪ್ಪತ್ತನಾಲ್ಕು ವರ್ಷ, ಲೈನ್‌ಮನ್ ಕೆಲಸ. ಕಂಬ ಹತ್ತಿ ಹತ್ತಿ ಕೈ ಎಷ್ಟು ನಿಧಾನವಾಗಿದೆಯೆಂದರೆ, ಕೋಟೆಯಲ್ಲಿ ಒಂದೇ ಕಲ್ಲು ಉಳಿದಾಗಲೂ ಅವನು ಚಹಾ ಊದಿ ಊದಿ ಕುಡಿಯುತ್ತಾನೆ. ನೋಡುವ ನನಗೆ ಜೀವ ಹೋಗುತ್ತದೆ.

ಈ ಸಲ ಹುಕ್ಕೇರಿಯಲ್ಲಿ ಜೋಡಿ ಪಂದ್ಯ ಇಟ್ಟಿದ್ದರು. ನಿಪ್ಪಾಣಿ, ಬೆಳಗಾವಿ, ಕೊಲ್ಲಾಪುರದವರಿಗೆಲ್ಲ ನಡುವೆ ಆಗುತ್ತದೆಂದು. ಗೆದ್ದ ಜೋಡಿಯಲ್ಲಿ ಕಟ್ಟಿದವರಿಗೆ ಒಂದು ಜಾಗವಿತ್ತು. ಹೊಸ ಎಲೆಗಳು ಅಚ್ಚಾಗುವ ಮೊದಲು ಕಂಪನಿಯವರು ಅವನ್ನು ಐದು ಜನರಿಗೆ ಕಳಿಸಿ, ಆಡಿ ನೋಡಿ ತಪ್ಪು ಹೇಳಿ ಎನ್ನುತ್ತಾರೆ. ಆ ಐವರಲ್ಲಿ ಒಬ್ಬಳಾಗುವುದು. ನನಗೆ ಅದು ಬೇಕಾಗಿತ್ತು. ಹಸಿದವಳಿಗೆ ಅನ್ನ ಬೇಕಾದಷ್ಟು ಬೇಕಾಗಿತ್ತು. ಆಟ ಆಡಿದ್ದನ್ನೆಲ್ಲ ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ, ವಾರ್ಡಿನಲ್ಲಿ ಜ್ವರದ ಚಾರ್ಟ್ ಬರೆದ ಹಾಗೆ. ಎಲ್ಲರೂ ನಗುತ್ತಾರೆ. ನಾನು ಬರೆದದ್ದನ್ನು ಯಾರಾದರೂ ನಗದೆ ಓದಲಿ ಎಂಬುದೇ ನನ್ನ ಆಸೆ.

ಆರು ತಿಂಗಳು ಕೂತೆವು. ಮೊದಲ ತಿಂಗಳು ಹತ್ತಕ್ಕೆ ನಾಲ್ಕು ಆಟ ಗೆದ್ದೆವು. ನೀರಿನ ಎಲೆ ಹದಿನೇಳಿದ್ದವು. ನೀರು ಕೊಟ್ಟರೇ ದಂಡಿನ ಎಲೆ ಮೇಜಿಗಿಳಿಯುವುದು, ಖರೆ. ಆದರೆ ಕೈತುಂಬ ನೀರೇ ಬಂದು ಕೂತರೆ ಏನು ಮಾಡುವುದು, ಕುಡಿಯುವುದೇ? ಹದಿನಾಲ್ಕಕ್ಕೆ ಇಳಿಸಿದೆ, ಮೂರು ವಾರ ಬರ ಬಿತ್ತು. ಹದಿನೈದಕ್ಕೆ ನಿಲ್ಲಿಸಿದೆ. ಆನೆಗಳು ನೋಡಲು ಭಾರಿ, ಒಂದೊಂದಕ್ಕೂ ಏಳು ನೀರು ಬೇಕು. ಅವು ಎದ್ದು ಬರುವುದರೊಳಗೆ ನಮ್ಮ ಕೋಟೆ ನೆಲಸಮ. ಮೂರನ್ನೂ ಹೊರಗೆ ಹಾಕಿದೆ. ಅವುಗಳ ಜಾಗಕ್ಕೆ ಮೂರು ಕೆಂಡದ ಕುದುರೆ ತಂದೆ. ಬಂದ ಸರದಿಯಲ್ಲೇ ನಾಲ್ಕು ಕಲ್ಲು ಉದುರಿಸುತ್ತದೆ, ಮರುಸರದಿಗೆ ತಾನೇ ಸಾಯುತ್ತದೆ. ಸಾಯುವ ಕುದುರೆ ಯಾರಿಗೆ ಬೇಕು ಎಂದು ಎಲ್ಲರೂ ಬಿಟ್ಟಿದ್ದರು. ಕೊನೆಯ ಏಟಿಗೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲವೆಂದು ಕಂಡುಹಿಡಿದವಳು ನಾನು.

ಜಗಳವಾದದ್ದು ಬೂದು ಟಗರಿನ ಮೇಲೆ. ಅದು ಸಿದ್ರಾಯ ಕೊಂಡ ಮೊದಲ ಪೊಟ್ಟಣದಲ್ಲಿ ಬಂದ ಎಲೆ. ಕೆಲಸಕ್ಕೆ ಬಾರದ್ದು, ಎರಡು ನೀರು ಕುಡಿದು ಸುಮ್ಮನೆ ನಿಲ್ಲುತ್ತದೆ. ಆದರೆ ಅದರ ಚಿತ್ರ ಅವನ ಮನೆಯಲ್ಲಿ ಬೀರೇದೇವರ ಹೆಸರಿಗೆ ಬಿಟ್ಟ ಟಗರಿನ ಹಾಗೇ ಇತ್ತಂತೆ, ಬಲಗಿವಿ ಹರಿದದ್ದೂ ಸೇರಿ. ದೇವರ ಟಗರನ್ನು ಮಾರುವ ಹಾಗಿಲ್ಲ, ಕೊಯ್ಯುವ ಹಾಗಿಲ್ಲ, ಕಾದಾಟಕ್ಕೆ ಬಿಡುವ ಹಾಗಿಲ್ಲ.

"ಕಾದಾಟಕ್ಕ ಬಿಡದ ಟಗರ ತಗೊಂಡ ಏನ ಮಾಡ್ಲೊ? ಆರತಿ ಎತ್ತಲೇನ?" ಅಂದೆ.

"ಇರ್ಲಿ ಬಿಡ್ರಿ ಅಕ್ಕಾ. ಅದೇನ ನಿಮಗ ಕಡೀತೈತೇನು?"

"ಕಡೀತೈತಿ! ತಗದ ಒಗಿ ಅಂದ್ರ ಒಗಿ!"

ಲಗಮಣ್ಣ ಮಾಮಾ ಚಹಾ ಸೋಸುವುದನ್ನು ಬಿಟ್ಟು ಓಡಿ ಬಂದ. ಸಿದ್ರಾಯ ಆಯಿತೆಂಬಂತೆ ತಲೆ ಆಡಿಸಿದ. ನಾನು ಪಟ್ಟಿಯಿಂದ ಟಗರನ್ನು ಹೊಡೆದುಹಾಕಿ, ನಲವತ್ತು ಎಲೆಯ ಹೊಸ ಪಟ್ಟಿ ಬರೆದುಕೊಟ್ಟೆ. ಎಲೆಗಳು ಅವನ ಹತ್ತಿರವೇ ಇರುತ್ತಿದ್ದವು, ಅವನೇ ಮನೆಯಲ್ಲಿ ಜೋಡಿಸಿ ತರುತ್ತಿದ್ದ.

ಮರುವಾರದಿಂದ ಗೆಲುವು ಏರಿತು. ಹತ್ತಕ್ಕೆ ಆರು, ಆಮೇಲೆ ಏಳು. "ಟಗರು ಹೋದದ್ದೇ ಕಟ್ಟು ಹಗುರಾಯಿತು" ಎಂದು ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ. ಇನ್ನೊಂದು ಮಾತನ್ನೂ ಬರೆದೆ. ಸಿದ್ರಾಯ ಈಗೀಗ ಒಂದು ಎಲೆಯನ್ನು ಕೊನೆಯವರೆಗೂ ಕೈಯಲ್ಲೇ ಇಟ್ಟುಕೊಳ್ಳುತ್ತಾನೆ. ಏನೋ ಭಯಂಕರವಾದದ್ದು ಇದೆಯೆಂದು ಎದುರಿನವರು ಹೆದರಿ, ಪೂರ್ತಿ ದಂಡು ಕಳಿಸದೆ ಅರ್ಧ ಹಿಂದೆ ಇಟ್ಟುಕೊಳ್ಳುತ್ತಾರೆ. "ಹುಡುಗ ಜಾಣನಾಗುತ್ತಿದ್ದಾನೆ" ಎಂದು ಅದರ ಕೆಳಗೆ ಗೆರೆ ಎಳೆದೆ. ಮುನ್ನೂರ ಹನ್ನೆರಡು ಆಟ ಹೀಗೆ ಬರೆದಿಟ್ಟು, ಹುಕ್ಕೇರಿಯ ಬಸ್ಸು ಹತ್ತಿದೆವು.

ಮಂಗಲ ಕಾರ್ಯಾಲಯದಲ್ಲಿ ಇಪ್ಪತ್ತೆರಡು ಜೋಡಿ ಸೇರಿದ್ದವು. ಹಿಂದಿನ ದಿನದ ಮದುವೆಯ ಹೂವು ಇನ್ನೂ ಕಂಬಕ್ಕಿತ್ತು. ನಾವು ಒಂದು, ಎರಡು, ಮೂರು, ನಾಲ್ಕು ಪಂದ್ಯ ಗೆದ್ದೆವು. ಖುಷಿಗೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಉಳಿದದ್ದು ಒಂದೇ, ಫೈನಲ್. ಎದುರಿಗೆ ನಿಪ್ಪಾಣಿಯ ಶುಭಮ್. ನಗುಮುಖದ ಹುಡುಗ, ಆದರೆ ಆಟ ಮಾತ್ರ ಚೂರಿ.

ಫೈನಲ್‌ಗೆ ಮೊದಲು ಎರಡೂ ಕಡೆಯ ಕಟ್ಟು ಎಣಿಸುವುದು ಪದ್ಧತಿ. ತೀರ್ಪುಗಾರ್ತಿ ಸುಮನ ಮೇಡಂ ನಮ್ಮದನ್ನು ಎಣಿಸಿದರು. ಮತ್ತೆ ಎಣಿಸಿದರು. ಮೂರನೆಯ ಸಲ ಹತ್ತು ಹತ್ತರಂತೆ ಸಾಲಾಗಿ ಮೇಜಿನ ಮೇಲೆ ಹರಡಿದರು. ನಾಲ್ಕು ಸಾಲು ತುಂಬಿ ಒಂದು ಎಲೆ ಕೈಯಲ್ಲಿ ಉಳಿಯಿತು. ಬೂದು ಟಗರು.

ನನ್ನ ಕಿವಿ ಬಿಸಿಯಾದವು. "ಸಿದ್ರಾಯ, ಇದು ಯಾವಾಗ ಬಂತೊ?"

"ಬಂದಿಲ್ರಿ ಅಕ್ಕಾ. ಹೋಗೇ ಇಲ್ಲ."

"ಎಣಿಸಿ ತಗೊಂಡ ಬಾ ಅಂದಿದ್ನೆಲ್ಲೊ!"

"ಎಣಿಸೀನ್ರಿ. ನಲವತ್ತ ಅದಾವು."

"ನಲವತ್ತೊಂದ ಅದಾವಲ್ಲೊ ಮಾರಾಯಾ!"

"ಇದನ್ನ ಹಿಡದ್ರ ನಲವತ್ತೊಂದ್ರಿ," ಅಂದ ಸಿದ್ರಾಯ, ನನಗೆ ಇಷ್ಟೂ ತಿಳಿಯದೇ ಎಂಬ ಮುಖ ಮಾಡಿ. "ಇದನ್ನ ಯಾರ ಹಿಡೀತಾರ?"

ಆಮೇಲೆ ತಡವರಿಸುತ್ತ ಬಿಡಿಸಿ ಹೇಳಿದ. ಸಂಜೆ ಕುರಿ ದೊಡ್ಡಿಗೆ ಬರುವಾಗ ಅವನ ತಾಯಿ ದುಂಡವ್ವ ಬಾಗಿಲಲ್ಲಿ ನಿಂತು ಎಣಿಸುತ್ತಾಳೆ. ದೇವರ ಟಗರು ದಾಟುವಾಗ ಬಾಯಿ ಮುಚ್ಚುತ್ತಾಳೆ, ಅದು ದಾಟಿದ ಮೇಲೆ ಮುಂದಿನ ಅಂಕಿ. ಎಣಿಸಿದರೆ ಅದು ನಮ್ಮದಾಯಿತು, ದೇವರದ್ದು ಉಳಿಯಲಿಲ್ಲ. ಅವನು ಹುಟ್ಟಿದಾಗಿನಿಂದ ಕಂಡ ಲೆಕ್ಕ ಇದು. ನಾನು ಕೊಟ್ಟ ಪಟ್ಟಿಯ ನಲವತ್ತು ಎಣಿಸಿ ಇಟ್ಟ, ಟಗರು ಸೇರಿಸುವಾಗ ಬಾಯಿ ಮುಚ್ಚಿದ, ಎಲ್ಲವನ್ನೂ ಕವರಿಗೆ ಹಾಕಿದ. ಅವನು ಮೋಸ ಮಾಡಿರಲಿಲ್ಲ, ಮರೆತೂ ಇರಲಿಲ್ಲ.

ಹಾಗಾದರೆ ಕೊನೆಯವರೆಗೂ ಕೈಯಲ್ಲಿ ಉಳಿಯುತ್ತಿದ್ದ ಆ ಭಯಂಕರ ಎಲೆ? ಅದೂ ಇದೇ. ಕಾದಾಟಕ್ಕೆ ಬಿಡುವ ಹಾಗಿಲ್ಲವಲ್ಲ, ಬಂದಾಗಲೆಲ್ಲ ಕೈಯಲ್ಲೇ ಹಿಡಿದು ಕೂತಿದ್ದ. ನನ್ನ ಕೆಂಪು ಶಾಯಿ, ನನ್ನ ಗೆರೆ, ಎಲ್ಲ ಮಣ್ಣುಪಾಲು. ನಾನು ತಿದ್ದಿ ತೀಡಿದ ಕಟ್ಟು ಆ ಜಗಳದ ದಿನದಿಂದ ಒಮ್ಮೆಯೂ ನಲವತ್ತಾಗಿರಲಿಲ್ಲ.

ಸುಮನ ಮೇಡಂ ಎಲ್ಲ ಕೇಳಿಸಿಕೊಂಡರು. "ಕಥಿ ಭಾಳ ಚೊಲೊ ಐತ್ರಿ. ಆದ್ರ ನಿಯಮ ಅಂದ್ರ ನಿಯಮಾನ. ಮೊದಲನೇ ಆಟ ಶುಭಮ್‌ಗ ಹೋತು. ಉಳಿದ ಎರಡೂ ನೀವು ಗೆಲ್ಲಬೇಕು. ಈಗ ಒಂದ ಎಲಿ ತಗೀರಿ. ಯಾವುದು ಅನ್ನೂದು ಕಟ್ಟಿದವ್ರಿಗೆ ಬಿಟ್ಟಿದ್ದು. ಪಟ್ಟಿ ತಿದ್ದಿ ಸಹಿ ಮಾಡ್ರಿ, ಎರಡ ಮಿನಿಟ ಕೊಡ್ತೀನಿ."

ಇದರಲ್ಲಿ ಯೋಚಿಸುವುದೇನಿತ್ತು? ಟಗರು ಹೊರಗೆ, ಅಷ್ಟೇ. ಶುಭಮ್ ಕಣ್ಣಾರೆ ಕಂಡಾಗಿತ್ತು, ಇನ್ನು ಹೆದರಿಕೆಯೂ ಹುಟ್ಟದು. ಚಿಕ್ಕ ಮಗುವೂ ಇದನ್ನೇ ಹೇಳುತ್ತಿತ್ತು.

"ನೀವು ಹೇಳಿದ್ರ ತಗೀತೀನ್ರಿ ಅಕ್ಕಾ," ಅಂದ ಸಿದ್ರಾಯ. ಟಗರಿನ ಮೇಲೆ ಬೆರಳಿಟ್ಟ. ಬೆರಳು ಅಲ್ಲೇ ನಿಂತಿತು, ಎಲೆಯನ್ನು ಎತ್ತಲಿಲ್ಲ. ಹನ್ನೊಂದು ಸಾವಿರ ವೋಲ್ಟಿನ ತಂತಿಗೂ ಹಿಂಜರಿಯದ ಕೈ ಅದು.

ನನಗೆ ಕೆಟ್ಟ ಸಿಟ್ಟು ಬಂತು, ಆದರೂ ಲೆಕ್ಕ ಹಾಕಿದೆ. ಗೆದ್ದರೆ ಜಾಗ ನನಗೆ. ಅವನಿಗೆ ಏನೂ ಇಲ್ಲ. ವಾರಕ್ಕೆ ಒಂದೇ ರಜೆ ಸಿಗುವ ಹುಡುಗ ಆರು ತಿಂಗಳ ಭಾನುವಾರಗಳನ್ನೆಲ್ಲ ನನ್ನ ಬೈಗುಳ ತಿನ್ನುತ್ತ ಕಳೆದಿದ್ದ. ಇಷ್ಟು ದಿನದಲ್ಲಿ ತನಗೆಂದು ಉಳಿಸಿಕೊಂಡದ್ದು ಈ ಒಂದು ಎಲೆ.

"ಕೈ ತಗಿ," ಅಂದೆ. ಸಾಲಿನಿಂದ ಒಂದು ಕೆಂಡದ ಕುದುರೆಯನ್ನು ಎತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಪೆನ್ನು ತೆಗೆದೆ. "ಪಟ್ಟಿದಾಗ ಟಗರಿನ ಹೆಸರ ಬರೀಬೇಕಾಕೈತಿ."

ಸಿದ್ರಾಯ ಗಾಬರಿಯಾದ. "ಬರದ್ರ ಲೆಕ್ಕಕ್ಕ ಹಿಡದಂಗ ಆತಲ್ರಿ?"

"ನಾ ಹಿಡೀತೀನಿ, ನೀ ಹಿಡೀಬ್ಯಾಡ. ಆ ಕಡೆ ನೋಡು."

ಅವನು ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚಿದ. ನಾನು ಬರೆದು ಸಹಿ ಹಾಕಿದೆ. ಸುಮನ ಮೇಡಂ ಬಾಯಿಗೆ ಸೆರಗು ಹಿಡಿದು ನಕ್ಕರು.

ಎರಡನೆಯ ಆಟ ಶುರುವಾಯಿತು. ಸಿದ್ರಾಯ ಎಂದಿನಂತೆ ಒಂದು ಎಲೆ ಕೈಯಲ್ಲಿ ಹಿಡಿದು ಕೂತ. ಶುಭಮ್ ಅದನ್ನು ನೋಡಿ ನಕ್ಕ. "ಅದು ಯಾರಂತ ಗೊತ್ತೈತ್ರಿ ಅಣ್ಣಾರ," ಅಂದು ಪೂರ್ತಿ ದಂಡನ್ನು ನಮ್ಮ ಮೇಲೆ ಕಳಿಸಿದ. ಸಿದ್ರಾಯ ನಿಧಾನವಾಗಿ ಆ ಎಲೆ ಇಳಿಸಿದ. ಟಗರಲ್ಲ, ಕೆಂಡದ ಕುದುರೆ. ಶುಭಮ್‌ನ ಕಾವಲಿಲ್ಲದ ಕೋಟೆ ಅದೇ ಸರದಿಗೆ ಬಿತ್ತು. ನಾನು ಕುರ್ಚಿಯಿಂದ ಎದ್ದು ಶಿಳ್ಳೆ ಹೊಡೆದೆ. ಕಟ್ಟಿದವರು ಬಾಯಿ ಬಿಡಬಾರದೆಂದು ಸುಮನ ಮೇಡಂ ಗದರಿಸಿದರು.

ಮೂರನೆಯದು ಮುಕ್ಕಾಲು ಗಂಟೆ ನಡೆಯಿತು. ಕೈಯಲ್ಲಿರುವುದು ಟಗರೋ ಕುದುರೆಯೋ ಎಂದು ಶುಭಮ್‌ಗೆ ಈಗ ತಿಳಿಯುತ್ತಿರಲಿಲ್ಲ, ಅವನೂ ತುಟಿ ಕಚ್ಚಿ ಆಡಿದ. ಕೊನೆಗೆ ಅವನ ಕೋಟೆಯಲ್ಲಿ ನಾಲ್ಕು ಕಲ್ಲು, ನಮ್ಮದರಲ್ಲಿ ಒಂದು. ನಮಗೆ ಸಾಕಷ್ಟು ನೀರಿತ್ತು, ಕೈ ಮಾತ್ರ ಬರಿದು. ಒಂದು ಕುದುರೆ ಆಗಲೇ ಸತ್ತಿತ್ತು, ಇನ್ನೊಂದು ಕಟ್ಟಿನಲ್ಲಿ ಎಲ್ಲೋ ಇತ್ತು, ಮೂರನೆಯದು ನನ್ನ ಚೀಲದಲ್ಲಿ. ಉಳಿದದ್ದು ಒಂದೇ ಸರದಿ. ಸಿದ್ರಾಯ ಎಲೆ ಎಳೆದು ನೋಡಿದ. ಮುಖ ನೋಡಿದ್ದೇ ಟಗರೆಂದು ನನಗೆ ಗೊತ್ತಾಯಿತು. ಅವನು ಅದನ್ನು ಮೇಜಿನ ಮೇಲೆ ಇಡಲಿಲ್ಲ, ಜೇಬಿಗೆ ಹಾಕಿಕೊಂಡು ಶುಭಮ್‌ಗೆ ಕೈ ಕೊಟ್ಟ.

ಸೋತೆವು. ನನಗೆ ಅಳು ಬಂತು, ಅತ್ತೆ. ಯಾರು ನೋಡಿದರೆ ನನಗೇನು.

"ಅಕ್ಕಾ, ಮುಂದಿನ ಎಲಿ ಏನಿತ್ತು ನೋಡ್ರಿ," ಅಂದ ಶುಭಮ್, ಪಾಪ, ಒಳ್ಳೆಯ ಮನಸ್ಸಿನಿಂದಲೇ. ಎಲ್ಲರೂ ಹಾಗೇ ನೋಡುತ್ತಾರೆ. ಟಗರನ್ನು ತೆಗೆದಿದ್ದರೆ ಅದೇ ಎಲೆ ಕೈಗೆ ಬರುತ್ತಿತ್ತೇನೋ. ಕುದುರೆಯಾಗಿದ್ದರೆ ಜಾಗ ನನ್ನದಿತ್ತು, ನೀರಾಗಿದ್ದರೆ ಹೇಗೂ ಸೋಲುತ್ತಿದ್ದೆವು. ಸುತ್ತ ನಿಂತವರೆಲ್ಲ ಕತ್ತು ಚಾಚಿದರು. ಸಿದ್ರಾಯ ತಲೆ ತಗ್ಗಿಸಿ ಕೂತಿದ್ದ.

ನಾನು ಉಳಿದ ಕಟ್ಟನ್ನು ಎತ್ತಿಕೊಂಡೆ. ಮೇಲಿನ ಎಲೆಯನ್ನು ತಿರುಗಿಸಲಿಲ್ಲ. ಮೇಜಿನ ಮೇಲಿದ್ದ ಎಲೆಗಳನ್ನೆಲ್ಲ ಅದಕ್ಕೆ ಸೇರಿಸಿ, ಹಿಟ್ಟು ಕಲಸಿದ ಹಾಗೆ ಕಲಸಿಬಿಟ್ಟೆ.

"ಯಾಕ್ರಿ ಅಕ್ಕಾ? ಎಲ್ಲಾ ಬರದ ಇಡ್ತೀರಿ, ಇದನ್ನೊಂದ ಯಾಕ ನೋಡಲಿಲ್ಲ?" ಸಿದ್ರಾಯ ಕೇಳಿದ.

"ನೋಡಿದ್ರ ಬರೀಬೇಕಾಕೈತಿ," ಅಂದೆ. "ಬರದ್ರ ದಿನಾ ಓದತೀನಿ. ಓದಿದಾಗೆಲ್ಲ ನಿನ್ನ ಮ್ಯಾಲ ಸಿಟ್ಟ ಬರ್ತೈತಿ. ಇವತ್ತ ಬಂದಿದ್ದ ಸಾಕು. ಏಳು, ಬಸ್ ಹೋಕ್ಕೈತಿ."