ಬೀಗದವರ ಮನೆಯ ಪೆಟ್ಟಿಗೆ

ಊರಿಗೆಲ್ಲ ಬೀಗ ಮಾಡಿಕೊಡುವ ಮನೆಯಲ್ಲಿ ಹೆಂಗಸರ ಪೆಟ್ಟಿಗೆಗೆ ಮಾತ್ರ ಬೀಗವಿರಲಿಲ್ಲ. ಇದನ್ನು ಕೇಳಿ ನಗು ಬಂದರೆ ಈಗಲೇ ನಕ್ಕುಬಿಡಿ. ಮುಂದೆ ನಗುವುದಕ್ಕೆ ಅಷ್ಟಾಗಿ ಅವಕಾಶ ಸಿಗಲಿಕ್ಕಿಲ್ಲ.

ಬೀದಿಗೆ ಮುಖ ಮಾಡಿ ಮೇಸ್ತ್ರಿಯ ಅಂಗಡಿ. ಗೋಡೆಯ ತುಂಬ ಮೊಳೆಗಳು, ಮೊಳೆಯ ತುಂಬ ಕೀಲಿಕೈಗಳು. ಅಂಗಡಿಯ ಹಿಂದಿನ ಬಾಗಿಲು ದಾಟಿದರೆ ನಡುಮನೆ, ಎರಡು ಕೋಣೆ, ಅಡುಗೆಮನೆ, ಹಿತ್ತಲು. ಮೇಸ್ತ್ರಿ ಮತ್ತು ಅವರ ಮಗ ಬೆಳಗಿನಿಂದ ಸಂಜೆಯವರೆಗೆ ಅಂಗಡಿಯಲ್ಲಿ ಕೂತು ಅರದಿಂದ ಕೀಲಿಕೈಗಳ ಹಲ್ಲು ಉಜ್ಜುತ್ತಿದ್ದರು. ಮೇಸ್ತ್ರಿಯ ಕೈಗೆ ಬಗ್ಗದ ಬೀಗವೇ ಇಲ್ಲವೆಂದು ಊರಲ್ಲಿ ಹೆಸರು. ಎರಡು ತಂತಿ ಹಿಡಿದು, ಬೀಗಕ್ಕೆ ಕಿವಿಯಿಟ್ಟು ಕೂತರೆಂದರೆ ಎಂಥ ಬೀಗವೂ ಬಾಯಿಬಿಡಲೇಬೇಕು. ಅವರ ಹೆಂಡತಿಯನ್ನು ಬೀದಿಯವರು ಯಜಮಾನಿ ಎಂದು ಕರೆಯುತ್ತಿದ್ದರು. ಹೆಸರಿಗೆ ಯಜಮಾನಿ, ಅವಳ ಸೊಂಟದಲ್ಲಿ ಒಂದು ಕೀಲಿಕೈಯೂ ಇರಲಿಲ್ಲ.

ಆ ಮನೆಯಲ್ಲೊಂದು ಪದ್ಧತಿ. ತಿಂಗಳ ಮೊದಲ ಸೋಮವಾರ ಮಧ್ಯಾಹ್ನದ ಊಟವಾದ ಮೇಲೆ ಸೊಸೆ ತನ್ನ ಪೆಟ್ಟಿಗೆಯನ್ನು ನಡುಮನೆಗೆ ತಂದಿಡಬೇಕು. ಅತ್ತೆ ಅದರ ಮುಚ್ಚಳ ತೆಗೆದು ಒಂದೊಂದೇ ಸಾಮಾನು ಹೊರಗೆ ತೆಗೆದು ನೋಡಬೇಕು. ಮೇಸ್ತ್ರಿಯ ಅಜ್ಜನ ಕಾಲದಲ್ಲಿ ಯಾರದೋ ಕೀಲಿಕೈಯ ನಕಲು ಹೊರಗೆ ಹೋಗಿ, ಕಳ್ಳತನವಾಗಿ, ಮನೆಯ ಸೊಸೆಯ ಮೇಲೆ ಅನುಮಾನ ಬಿತ್ತಂತೆ. ನಕಲು ಕೊಟ್ಟವಳು ಅವಳೇ ಎಂದು ಗೊತ್ತಾಯಿತೇ ಎಂದರೆ ಅದನ್ನು ಯಾರೂ ಹೇಳುತ್ತಿರಲಿಲ್ಲ. "ಬೆಂಕಿ ಇಲ್ಲದೆ ಹೊಗೆ ಆಡುತ್ತಾ?" ಎಂದಷ್ಟೇ ಹೇಳುತ್ತಿದ್ದರು. ಅಂದಿನಿಂದ ಆ ಮನೆಯ ಹೆಂಗಸು ಅಂಗಡಿಯ ಹೊಸ್ತಿಲು ದಾಟುವಂತಿಲ್ಲ, ಅರ ಮುಟ್ಟುವಂತಿಲ್ಲ, ತನ್ನ ಪೆಟ್ಟಿಗೆಗೆ ಬೀಗ ಹಾಕುವಂತಿಲ್ಲ. ಎಂದೋ ಸತ್ತ ಒಬ್ಬಳ ಮೇಲಿನ ಅನುಮಾನವನ್ನು ಮೂರು ತಲೆಮಾರಿನ ಹೆಂಗಸರು ಹೊತ್ತು ತಿರುಗಿದರು.

ಯಜಮಾನಿಗೆ ಇದರಲ್ಲಿ ತಪ್ಪೇನೂ ಕಂಡಿರಲಿಲ್ಲ. ಅವಳ ಪೆಟ್ಟಿಗೆಯನ್ನೂ ಅವಳ ಅತ್ತೆ ನೋಡಿದ್ದಳು. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಈಗ ತನ್ನ ಕಾಲ ಬಂದಿದೆ ಎಂದುಕೊಂಡಿದ್ದಳು.

ಸೊಸೆ ಬಂದು ಎಂಟು ತಿಂಗಳಾಗಿತ್ತು. ಮಾತು ಕಡಿಮೆ, ಕೆಲಸ ಚುರುಕು. ಒಂದೇ ಒಂದು ವಿಷಯದಲ್ಲಿ ನಿಧಾನ. ಅಂಗಡಿಗೆ ಚಹಾ ಒಯ್ದರೆ ಲೋಟಗಳನ್ನು ಹೊಸ್ತಿಲ ಮೇಲಿಟ್ಟು ಬರುವುದಕ್ಕೆ ಹತ್ತು ನಿಮಿಷ ಹಿಡಿಯುತ್ತಿತ್ತು. ಅಲ್ಲಿ ಬಗ್ಗಿ ಏನು ನೋಡುತ್ತಾಳೆ? ಗಂಡನನ್ನೇ ನೋಡುತ್ತಾಳೆ, ಹೊಸ ಮದುವೆ, ನೋಡಲಿ ಎಂದು ಯಜಮಾನಿ ಮೊದಮೊದಲು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಿದ್ದಳು. ಆಮೇಲೆ ನಗು ನಿಂತಿತು. ಸೊಸೆಯ ಉಗುರಿನ ಸಂದಿ ಕಪ್ಪಾಗತೊಡಗಿತ್ತು. ಪಾತ್ರೆ ತಿಕ್ಕಿದ ಕಪ್ಪಲ್ಲ, ಇಂಥ ಕಪ್ಪನ್ನು ಯಜಮಾನಿ ಮೂವತ್ತೊಂದು ವರ್ಷದಿಂದ ಗಂಡನ ಕೈಯಲ್ಲಿ ನೋಡಿದ್ದಳು. ದಿನಾ ಮೂರು ಗಂಟೆಗೆ "ಟೀಚರಮ್ಮನ ಮನೆಗೆ ಹೋಗಿಬರ್ತೀನಿ ಅತ್ತೆ, ಓದೋಕೆ ಪುಸ್ತಕ ಕೊಡ್ತಾರೆ" ಎಂದು ಹೊರಡುತ್ತಿದ್ದಳು. ಪುಸ್ತಕ ಓದಿದವರ ಬಟ್ಟೆಯಂಚಿನಲ್ಲಿ ಹಿತ್ತಾಳೆ ಪುಡಿ ಮಿನುಗುತ್ತದೆಯೇ?

ಶನಿವಾರ ಬೆಳಿಗ್ಗೆ ಬಚ್ಚಲಿನ ಕಿಟಕಿಯ ಮೂಲೆಯಲ್ಲಿ ಯಜಮಾನಿಗೆ ಅರ್ಧ ಸವೆದ ಸೋಪು ಸಿಕ್ಕಿತು. ತಿರುಗಿಸಿ ನೋಡಿದಳು. ಸೋಪಿನ ಬೆನ್ನಿನ ಮೇಲೆ ಒಂದು ಕೀಲಿಕೈಯ ಅಚ್ಚು, ಹಲ್ಲು ಹಲ್ಲು ಎಣಿಸುವ ಹಾಗೆ, ಆಳವಾಗಿ ಮೂಡಿತ್ತು.

ಕಳ್ಳಗೀಲಿಗೆ ಅಚ್ಚು ತೆಗೆಯುವುದು ಸೋಪಿನಲ್ಲೇ ಎಂಬುದು ಆ ಮನೆಯ ಬೆಕ್ಕಿಗೂ ಗೊತ್ತು. ಗೋಡೆಯ ಮೇಲೆ ಅರ್ಧ ಊರಿನ ಕೀಲಿಕೈಗಳಿವೆ. ಯಾರ ಮನೆಯದು ಇದು? ಯಾರಿಗಾಗಿ? ಟೀಚರಮ್ಮನ ಮನೆ ಎಂದು ಹೇಳಿ ಇವಳು ಹೋಗುವುದಾದರೂ ಎಲ್ಲಿಗೆ? ಮಧ್ಯಾಹ್ನದವರೆಗೆ ಒಳಗೇ ಕುದಿದು, ಊಟಕ್ಕೆ ಕೂತ ಗಂಡನಿಗೆ ಎಲ್ಲವನ್ನೂ ಹೇಳಿಬಿಟ್ಟಳು.

ಮೇಸ್ತ್ರಿ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದರು. "ಬಾಯಿ ಬಿಡಬೇಡ. ನಾಡಿದ್ದು ಸೋಮವಾರ ತಾನೇ? ಈ ಸಲ ಪೆಟ್ಟಿಗೆ ನಾನೇ ನೋಡ್ತೀನಿ. ಏನಾದ್ರೂ ಸಿಕ್ತೋ, ಅವತ್ತೇ ತವರುಮನೆ ದಾರಿ."

ಭಾನುವಾರ ಮೂರು ಗಂಟೆಗೆ ಸೊಸೆ ಹೊರಟಳು. ಯಜಮಾನಿ ಚಪ್ಪಲಿಯನ್ನೂ ಮೆಟ್ಟದೆ ಹಿಂದೆ ಹೋದಳು. ಬೀದಿ ತಿರುವಿನ ಗುಂಡಿ-ದಾರದ ಅಂಗಡಿ, ಅದರಾಚೆ ಇಸ್ತ್ರಿಯವನ ಚಪ್ಪರ, ಅಲ್ಲಿಂದ ಮೂರನೆಯದು ಟೀಚರಮ್ಮನ ಮನೆ. ಸೊಸೆ ಸುಳ್ಳು ಹೇಳಿರಲಿಲ್ಲ. ಆದರೆ ಮುಂಬಾಗಿಲಿಗೆ ಹೋಗದೆ ಪಕ್ಕದ ಓಣಿಯಿಂದ ಹಿತ್ತಲಿಗೆ ನಡೆದಳು. ಹಿತ್ತಲಿನ ಸೌದೆಮನೆಯ ಬಾಗಿಲು ಮುಚ್ಚಿಕೊಂಡಿತು. ಒಂದು ಗಳಿಗೆ ಬಿಟ್ಟು ಒಳಗಿಂದ ಕೇಳಿಬಂದದ್ದು ಗಂಡಸಿನ ದನಿಯಲ್ಲ, ಅರದ ಸದ್ದು.

ಯಜಮಾನಿ ಕಿಟಕಿಯ ಸಂದಿಗೆ ಕಣ್ಣು ಹಚ್ಚಿದಳು. ಒಳಗೆ ಸೊಸೆ ಒಬ್ಬಳೇ. ಮೇಜಿನ ಮೇಲೆ ಹೊಟ್ಟೆ ತೆರೆದ ಒಂದು ಬೀಗ. ಹಿತ್ತಾಳೆಯ ಸಣ್ಣ ತಗಡನ್ನು ಬೆಳಕಿಗೆ ಹಿಡಿದು ನೋಡುತ್ತಾಳೆ, ಎರಡು ಸಲ ಉಜ್ಜುತ್ತಾಳೆ, ಉಫ್ ಎಂದು ಪುಡಿ ಊದುತ್ತಾಳೆ, ಮತ್ತೆ ನೋಡುತ್ತಾಳೆ. ನಾಲಿಗೆಯ ತುದಿ ಹಲ್ಲಿನ ನಡುವೆ ಸಿಕ್ಕಿಕೊಂಡಿದೆ. ಎಂಟು ತಿಂಗಳಲ್ಲಿ ಈ ಮುಖವನ್ನು ಯಜಮಾನಿ ಒಮ್ಮೆಯೂ ಕಂಡಿರಲಿಲ್ಲ. ಆದರೂ ಕಂಡೊಡನೆ ಗುರುತು ಸಿಕ್ಕಿತು. ಒಂದು ಕಾಲದಲ್ಲಿ ಅದು ಅವಳದೇ ಮುಖವಾಗಿತ್ತು.

"ನಿಂತೇ ನೋಡ್ತೀರಲ್ಲ ಯಜಮಾನಿ, ಒಳಗೆ ಬನ್ನಿ." ಹಿಂದೆ ಟೀಚರಮ್ಮ ನಿಂತಿದ್ದರು. ಕನ್ನಡಕ ಹಣೆಗೇರಿತ್ತು, ಕೈಯಲ್ಲಿ ಚಹಾದ ಲೋಟ.

ಒಳಗೆ ಹೋದವಳೇ ಯಜಮಾನಿ ಸೋಪಿನ ಮಾತೆತ್ತಿದಳು. ಸೊಸೆ ಎದ್ದು ನಿಂತಳು. "ಅದು ಟೀಚರಮ್ಮನ ಹಳೇ ಬೀರುವಿನ ಕೀಲಿ ಅತ್ತೆ. ಹಲ್ಲು ಎಷ್ಟೆಷ್ಟು ಆಳ ಅಂತ ತಿಳ್ಕೊಳ್ಳೋಕೆ ಒತ್ತಿ ನೋಡ್ತಿದ್ದೆ. ಈ ಹತಾರಗಳೆಲ್ಲ ಅವರ ತಂದೆಯವರದ್ದು. ಅವರು ಗಡಿಯಾರ ರಿಪೇರಿ ಮಾಡ್ತಿದ್ರಂತೆ."

"ಕೀಲಿ ಯಾರದಾದ್ರೂ ಆಗಲಿ. ಅರ ಮುಟ್ಟಬಾರದು ಅಂತ ಗೊತ್ತಿಲ್ವಾ ನಿನಗೆ?"

"ಗೊತ್ತು. ಚಹಾ ಇಡುವಾಗೆಲ್ಲ ನೋಡ್ತಿದ್ದೆ ಅತ್ತೆ. ನೋಡ್ತಾ ನೋಡ್ತಾ ಕೈ ಸುಮ್ಮನಿರಲಿಲ್ಲ. ತರಬೇತಿ ಶಾಲೆಯಲ್ಲಿ ಕಸುಬಿನ ಪರೀಕ್ಷೆ ಇದೆ. ಸ್ವಂತ ಕೈಯಿಂದ ಮಾಡಿದ್ದೊಂದನ್ನ ಗುರುವಾರದೊಳಗೆ ಒಯ್ದು ಕೊಡಬೇಕು. ಆಯ್ಕೆಯಾದ್ರೆ ಒಂದು ವರ್ಷ ಕಲಿಸ್ತಾರೆ. ನಂಗೆ ಅದೊಂದು ಬೇಕು ಅತ್ತೆ, ಮತ್ತೇನೂ ಬೇಡ."

"ಮನೆ ಮರ್ಯಾದೆ ಬೇಡ್ವಾ? ಹೊಟ್ಟೆಗೆ ಬಟ್ಟೆಗೆ ಕಡಿಮೆ ಮಾಡಿದೀವಾ? ಈ ಉಸಾಬರಿ ಯಾಕೆ?" ಯಜಮಾನಿಯ ದನಿ ಏರಿತು. "ಏನ್ ಟೀಚರಮ್ಮ, ಹಿರಿಯರು ಮಾಡಿಟ್ಟದ್ದೆಲ್ಲ ಸುಳ್ಳಾ?"

ಟೀಚರಮ್ಮ ಲೋಟವನ್ನು ಕೆಳಗಿಟ್ಟರು. "ಒಂದು ಮಾತು ಕೇಳ್ತೀನಿ, ಸಿಟ್ಟಾಗಬೇಡಿ. ಮೂರು ತಲೆಮಾರಿಂದ ಪೆಟ್ಟಿಗೆ ನೋಡ್ತಾ ಬಂದಿದೀರಿ. ಇಷ್ಟು ವರ್ಷದಲ್ಲಿ ಒಂದಾದ್ರೂ ಕಳ್ಳಗೀಲಿ ಸಿಕ್ಕಿದೆಯಾ?"

"ಇಲ್ಲ."

"ಮತ್ತೇನು ಸಿಕ್ಕಿದೆ?"

ಏನು ಸಿಕ್ಕಿತ್ತು ಎನ್ನುವುದು ಯಜಮಾನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮದುವೆಯಾದ ಹೊಸತರಲ್ಲಿ ಅವಳ ಕೈಯಲ್ಲಿ ಕತ್ತರಿ ಕುಣಿಯುತ್ತಿತ್ತು. ಹಳೆಯ ಕಾಗದ ಸಿಕ್ಕರೆ ಸಾಕು, ಗೆರೆಯನ್ನೂ ಎಳೆಯದೆ ನೇರವಾಗಿ ಕತ್ತರಿಸಿ ಹಕ್ಕಿ, ಬೆಕ್ಕು, ಬೀದಿಯಲ್ಲಿ ಹೋಗುವವರ ಮುಖ, ಎಲ್ಲವನ್ನೂ ತೆಗೆಯುತ್ತಿದ್ದಳು. ಪೆಟ್ಟಿಗೆಯಲ್ಲಿ ನಲವತ್ತಕ್ಕೂ ಹೆಚ್ಚು ಇದ್ದವು. ಒಂದು ಸೋಮವಾರ ಅವಳ ಅತ್ತೆ ಅವನ್ನು ಹೊರತೆಗೆದು, ಅದರಲ್ಲಿದ್ದ ಒಬ್ಬ ಗಂಡಸಿನ ಮುಖವನ್ನು ಎತ್ತಿ ಹಿಡಿದು, "ಯಾರಿವನು?" ಎಂದು ಕೇಳಿದ್ದಳು. ಅದು ಅವಳ ಗಂಡನೇ. ಮದುವೆಯ ದಿನ ಮೀಸೆ ಇರಲಿಲ್ಲ, ಹಾಗೆಯೇ ಕತ್ತರಿಸಿದ್ದಳು. ಅಷ್ಟರಲ್ಲಿ ಅವರು ಮೀಸೆ ಬಿಟ್ಟಿದ್ದರು. ಹೇಳುವುದಕ್ಕೆ ನಾಚಿಕೆಯಾಯಿತು. ನಾಚಿಕೆಯನ್ನು ಅತ್ತೆ ತಪ್ಪೊಪ್ಪಿಗೆ ಎಂದು ತಿಳಿದಳು. ಅಷ್ಟೂ ಒಲೆಗೆ ಹೋದವು. ಗಂಡ ಗೋಡೆಗೆ ಒರಗಿ ನೋಡುತ್ತಿದ್ದರು. ಆಮೇಲೆ ಅವಳು ಕತ್ತರಿ ಹಿಡಿದದ್ದು ಹಾಲಿನ ಪೊಟ್ಟಣ ಬಿಡಿಸುವುದಕ್ಕೆ ಮಾತ್ರ.

"ಏನೂ ಸಿಕ್ಕಿಲ್ಲ," ಎಂದು ಹೇಳಿ ಯಜಮಾನಿ ಹೊರಗೆ ಬಂದುಬಿಟ್ಟಳು. ಸೊಸೆಗೆ ಬಯ್ಯಲಿಲ್ಲ, ಅಭಯವನ್ನೂ ಕೊಡಲಿಲ್ಲ. ನಾಳೆ ಮಾವ ಪೆಟ್ಟಿಗೆ ನೋಡುತ್ತಾರೆ ಎಂಬುದೊಂದನ್ನು ಮಾತ್ರ ಬಾಗಿಲಲ್ಲಿ ನಿಂತು ಹೇಳಿ ಹೋದಳು. ದಾರಿಯುದ್ದಕ್ಕೂ ಅವಳಿಗೆ ತನ್ನ ಮೇಲೆಯೇ ಅನುಮಾನ. ಯಾಕೆ ಹೇಳಿದೆ? ಯಾರ ಕಡೆ ನಾನು?

ಸೋಮವಾರ ಊಟವಾಯಿತು. ಮೇಸ್ತ್ರಿ ನಡುಮನೆಯಲ್ಲಿ ಕಾಲು ಮಡಚಿ ಕೂತರು. ಮಗ ಅಂಗಡಿಯ ಹೊಸ್ತಿಲಲ್ಲಿ ನಿಂತ. ಸೊಸೆ ಪೆಟ್ಟಿಗೆಯನ್ನು ತಂದಿಟ್ಟು ಪಕ್ಕಕ್ಕೆ ಸರಿದಳು.

ಪೆಟ್ಟಿಗೆಯ ಚಿಲಕದಲ್ಲಿ ಒಂದು ಬೀಗ ತೂಗುತ್ತಿತ್ತು. ಅಂಗೈಯಗಲದ ಹಿತ್ತಾಳೆ ಬೀಗ. ಹೊಳಪಿಲ್ಲ, ಹೂವಿಲ್ಲ, ಒಂದು ಮೂಲೆ ಕೊಂಚ ಸೊಟ್ಟ.

ಮೇಸ್ತ್ರಿ ಸೊಸೆಯ ಮುಖವನ್ನೊಮ್ಮೆ ನೋಡಿ ಜೋರಾಗಿ ನಕ್ಕರು. "ಮೀನಿಗೆ ಈಜು ಕಲಿಸೋಕೆ ಬಂದ್ಳು ಇವಳು! ತಾ ಇಲ್ಲಿ ತಂತಿ." ಮಗ ತಂತಿ ತಂದುಕೊಟ್ಟ. ಮೇಸ್ತ್ರಿ ಬೀಗಕ್ಕೆ ಕಿವಿಯಿಟ್ಟು ತಂತಿ ತೂರಿಸಿದರು. ಟಿಕ್ ಎಂದಿತು. ಎಳೆದರೆ ಬರಲಿಲ್ಲ. ಮತ್ತೊಮ್ಮೆ ಟಿಕ್; ಮತ್ತೂ ಬರಲಿಲ್ಲ. ನಗು ಹೋಯಿತು. ತಂತಿ ಬದಲಾಯಿತು. ಅಂಗಿಯ ತೋಳು ಮೇಲೇರಿತು. ಅರ್ಧ ಗಂಟೆಯಾಗುವಷ್ಟರಲ್ಲಿ ಹಣೆಯ ಬೆವರು ಬೀಗದ ಮೇಲೆ ಬೀಳುತ್ತಿತ್ತು.

"ಅಪ್ಪ, ಗರಗಸ ತರಲಾ?" ಎಂದ ಮಗ.

"ಮುಚ್ಚೋ ಬಾಯಿ! ಕೊಯ್ಯೋದಾದ್ರೆ ಬಡಗಿ ಬರ್ತಿರಲಿಲ್ವಾ? ನಾನ್ಯಾಕೆ ಬೇಕಿತ್ತು?" ಮೇಸ್ತ್ರಿ ಸೊಸೆಯತ್ತ ತಿರುಗಿದರು. "ಯಾರು ಮಾಡಿಕೊಟ್ಟಿದ್ದು ಇದನ್ನ? ನಿಜ ಹೇಳು."

"ನಾನೇ ಮಾಡಿದ್ದು ಮಾವ."

"ಸುಳ್ಳು! ಯಾವನದೋ ಪಳಗಿದ ಕೈ ಇದು."

"ನಿಮ್ಮದೇ ಕೈ ಮಾವ. ತಂತಿ ಮೊದಲು ಎಲ್ಲಿ ತಾಗುತ್ತೆ ಅಂತ ನಿಮ್ಮ ಮಗನಿಗೆ ಹೇಳಿಕೊಡ್ತಿದ್ರಲ್ಲ, ಹೊಸ್ತಿಲಲ್ಲಿ ನಿಂತು ಕೇಳಿಸ್ಕೊಂಡೆ. ಅದೇ ಜಾಗದಲ್ಲಿ ಒಂದು ಸುಳ್ಳು ಕಚ್ಚು ಇಟ್ಟೆ. ತಂತಿ ಅಲ್ಲಿ ಕೂತ್ರೆ ಮುಂದೆ ಹೋಗಲ್ಲ."

ಮೇಸ್ತ್ರಿಯ ಬೆರಳು ತಾನಾಗಿಯೇ ಬೀಗದ ಬಾಯಿಯನ್ನು ಸವರಿತು. ಒಂದು ಕ್ಷಣ ಅವರ ಮುಖದಲ್ಲಿ ಮೆಚ್ಚುಗೆ ಸುಳಿದದ್ದನ್ನು ಯಜಮಾನಿ ಕಂಡಳು. ಮರುಕ್ಷಣ ಅದು ಮಾಯವಾಯಿತು.

"ಒಳಗೇನಿದೆ?"

"ನಾಲ್ಕು ಬಟ್ಟೆ, ಬಾಚಣಿಗೆ, ಅಮ್ಮ ಕೊಟ್ಟ ಕನ್ನಡಿ."

"ಅಷ್ಟೇ ಆದ್ರೆ ತೆಗೆದು ತೋರಿಸೋಕೇನು ಧಾಡಿ?"

"ಅಷ್ಟೇ ಅಂತ ಎಂಟು ಸಲ ತೋರಿಸಿದೀನಿ ಮಾವ. ಒಂಬತ್ತನೇ ಸಲಕ್ಕೂ ನಿಮಗೆ ನಂಬಿಕೆ ಬರಲಿಲ್ಲ. ಇನ್ನು ತೋರಿಸಲ್ಲ." ಅವಳು ಪೆಟ್ಟಿಗೆಯ ಪಕ್ಕಕ್ಕೆ ಬಂದು ನಿಂತಳು. "ಬೇಕಿದ್ರೆ ತವರಿಗೆ ಕಳಿಸಿ. ಪೆಟ್ಟಿಗೆ ಹೀಗೇ ಬರುತ್ತೆ ನನ್ನ ಜೊತೆ."

ಮೇಸ್ತ್ರಿ ಹೆಂಡತಿಗೆ ಗದರಿದರು. "ಏನು ಗೊಂಬೆ ಥರ ಕೂತಿದೀಯ? ಕೊರಳಲ್ಲಿ ದಾರ ಕಾಣ್ತಿದೆ, ಕೀಲಿ ಅದರಲ್ಲೇ ಇರೋದು. ಕಿತ್ಕೋ! ಪೆಟ್ಟಿಗೆ ನೋಡು."

ಯಜಮಾನಿ ಎದ್ದಳು. ಸೊಸೆ ಕೈಯೆತ್ತಿ ಕೊರಳನ್ನು ಹಿಡಿದುಕೊಂಡಳು. ಯಜಮಾನಿಯ ಕಣ್ಣಿಗೆ ಕಂಡದ್ದು ಆ ಕಪ್ಪು ಉಗುರುಗಳು. ಇವನ್ನು ಮುರಿದರೆ ಇನ್ನು ಮೂವತ್ತು ವರ್ಷಕ್ಕೆ ಇವಳೂ ಇದೇ ನಡುಮನೆಯಲ್ಲಿ ಕೂತು ಇನ್ನೊಬ್ಬಳ ಬಟ್ಟೆ ಕೊಡವುತ್ತಾಳೆ. ಹಾಗೆ ಕೊಡವಿ ಕೊಡವಿ ತಾನು ಏನಾದೆ?

"ನಾನು ನೋಡಲ್ಲ," ಎಂದಳು.

"ಏನಂದೆ?"

"ನೋಡಲ್ಲ ಅಂದೆ. ಇವತ್ತೂ ಇಲ್ಲ, ಇನ್ಯಾವತ್ತೂ ಇಲ್ಲ. ಅವಳನ್ನ ತವರಿಗೆ ಕಳಿಸಿದ್ರೆ ಹಿಂದಿನಿಂದ ನಾನೂ ಹೊರಟೆ ಅಂತಲೇ ತಿಳ್ಕೊಳ್ಳಿ. ಮನೆ ಬೀಗ ನೀವೇ ಹಾಕ್ಕೊಳ್ಳಿ, ಅಭ್ಯಾಸ ಇದೆಯಲ್ಲ."

ಮೇಸ್ತ್ರಿ ತಂತಿಗಳನ್ನು ಬಿಸುಟು ಅಂಗಡಿಗೆ ಹೋದರು. ತವರಿಗೆ ಕಳಿಸುವ ಮಾತನ್ನು ಮತ್ತೆ ಎತ್ತಲಿಲ್ಲ. ಮಗ ಬುಧವಾರ ಬೆಳಿಗ್ಗೆ ತೆಳ್ಳನೆಯ ಹೊಸ ಅರವೊಂದನ್ನು ತಂದು ಹೆಂಡತಿಯ ಮುಂದಿಟ್ಟು ಹೋದ. ಅದರಿಂದ ಅವಳು ಬೀಗದ ಸೊಟ್ಟ ಮೂಲೆಯನ್ನು ತಿದ್ದಿಕೊಂಡಳು.

ಗುರುವಾರ ಸೊಸೆ ಪೆಟ್ಟಿಗೆಯ ಬೀಗವನ್ನು ತೆಗೆದು, ಬಟ್ಟೆಯಲ್ಲಿ ಸುತ್ತಿ, ಟೀಚರಮ್ಮನ ಜೊತೆ ತರಬೇತಿ ಶಾಲೆಗೆ ಹೊರಟಳು. ಹೊಸ್ತಿಲಲ್ಲಿ ನಿಂತು ಒಮ್ಮೆ ಹಿಂದೆ ತಿರುಗಿ ನೋಡಿದಳು. ಪೆಟ್ಟಿಗೆ ನಡುಮನೆಯಲ್ಲೇ ಇತ್ತು, ಚಿಲಕ ಬೋಳಾಗಿತ್ತು.

"ಹೋಗಿ ಬಾ," ಎಂದಳು ಯಜಮಾನಿ. "ನಾನಿದೀನಿ."

ಮಧ್ಯಾಹ್ನ ಊಟಕ್ಕೆ ಒಳಗೆ ಬಂದ ಮೇಸ್ತ್ರಿಯ ಕಣ್ಣು ಮೊದಲು ಹೋದದ್ದು ಪೆಟ್ಟಿಗೆಯ ಕಡೆಗೆ. ಅದರ ಮುಚ್ಚಳದ ಮೇಲೆ ಹೆಂಡತಿ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಹಳೆಯ ಪತ್ರಿಕೆ, ಕೈಯಲ್ಲಿ ಅಡುಗೆಮನೆಯ ಕತ್ತರಿ, ಸುತ್ತ ಕಾಗದದ ಚೂರು. ಕೈಗೆ ರೂಢಿ ತಪ್ಪಿತ್ತು, ಮೊದಲ ಎರಡು ಹಕ್ಕಿಗಳ ಕೊಕ್ಕು ಹರಿದಿತ್ತು. ಮೂರನೆಯದು ಒಬ್ಬ ಗಂಡಸಿನ ಮುಖ. ಮೀಸೆ ಇರಲಿಲ್ಲ.

ಮೇಸ್ತ್ರಿ ಬಗ್ಗಿ ನೋಡಿದರು. ಹುಬ್ಬು ಗಂಟಾಯಿತು.

"ಯಾರಿವನು?"

ಮೂವತ್ತೊಂದು ವರ್ಷ ಬಾಯಲ್ಲಿಟ್ಟುಕೊಂಡಿದ್ದ ಉತ್ತರವದು. ಈಗ ನಾಚಿಕೆಯೂ ಇರಲಿಲ್ಲ, ಹೆದರಿಕೆಯೂ ಇರಲಿಲ್ಲ. ಆದರೂ ಹೇಳಬೇಕು ಎಂದು ಅವಳಿಗೆ ಅನ್ನಿಸಲಿಲ್ಲ.

"ನಾನು ಮಾಡಿದ್ದು," ಎಂದಳು ಯಜಮಾನಿ. ಪೆಟ್ಟಿಗೆಯ ಮೇಲಿಂದ ಏಳದೆ, ಇನ್ನೊಂದು ಕಾಗದವನ್ನು ಕೈಗೆತ್ತಿಕೊಂಡಳು.