ತಂತಿಯ ಪಂಚಾಯ್ತಿ

ಚನ್ನಗಿರಿಯಲ್ಲಿ ಆಗ ಒಂದು ಖಾಸಗಿ ಜೂನಿಯರ್ ಕಾಲೇಜಿತ್ತು. ಅದರ ಅಧ್ಯಕ್ಷ ಮುರುಗೇಶಪ್ಪ, ಅಕ್ಕಿ ಗಿರಣಿಯ ಯಜಮಾನ. ಬದುವಿನ ಜಗಳವಾಗಲಿ, ಗಂಡ ಹೆಂಡಿರ ಜಗಳವಾಗಲಿ, ಅವರಿಗರ್ಧ ಇವರಿಗರ್ಧ ಎಂದು ತೀರ್ಪು ಕೊಟ್ಟು ಎಲೆ ಅಡಿಕೆ ಹಾಕಿಕೊಳ್ಳುವ ಪೈಕಿ. ಇಂಥವರ ಕೈಗೆ ಒಮ್ಮೆ ಭೌತಶಾಸ್ತ್ರ ಸಿಕ್ಕಿತು.

ಎಪ್ಪತ್ತೆಂಟರಲ್ಲಿ ಫಿಸಿಕ್ಸ್ ಮೇಷ್ಟ್ರು ಶಿವಮೂರ್ತಪ್ಪ ಬೋರ್ಡಿನ ಮೇಲೆ ಉದ್ದಕ್ಕೆ ಗೆರೆ ಎಳೆದು, ಇದು ವಿದ್ಯುದಾವೇಶ ತುಂಬಿದ, ಕೊನೆಯೇ ಇಲ್ಲದ ತಂತಿ ಎಂದರು. ಇಮ್ಮಡಿ ದೂರ ಹೋದರೆ ಅದರ ವಿದ್ಯುತ್ ಕ್ಷೇತ್ರದ ಬಲ ಕಾಲು ಭಾಗಕ್ಕೆ ಇಳಿಯುತ್ತದೆ ಎಂದು ಬರೆಸಿದರು. ಅದು ಒಂದು ಚುಕ್ಕೆಯಷ್ಟು ಆವೇಶಕ್ಕೆ ಹೇಳುವ ಮಾತು. ಮೇಷ್ಟ್ರು ಚುಕ್ಕೆಯ ಅಂಗಿಯನ್ನು ಗೆರೆಗೂ ತೊಡಿಸಿ ವರ್ಷಗಳಿಂದ ಸುಖವಾಗಿದ್ದರು.

ತ್ಯಾವಣಿಗೆಯ ಹುಲಿಗೆಮ್ಮ ಎದ್ದು ನಿಂತಳು.

"ಕಾಲಲ್ಲ ಸಾರ್, ಅರ್ಧ. ತಂತಿ ಸುತ್ತ ಒಂದು ಕೊಳವೆ ಐತೆ ಅಂದ್ಕೊಳ್ರಿ. ಅದರ ಅಗಲ ಇಮ್ಮಡಿ ಆದ್ರೆ ಹೊರಮೈನೂ ಇಮ್ಮಡಿ ಆಗ್ತೈತೆ. ಇದ್ದಿದ್ದನ್ನೇ ಇಮ್ಮಡಿ ಜಾಗಕ್ಕೆ ಹಂಚಿದ್ರೆ ಅರ್ಧ ತಾನೆ?"

ಕ್ಲಾಸು ಕಿಸಕ್ಕನೆ ನಕ್ಕಿತು. ಮೇಷ್ಟ್ರ ಮುಖ ಹುಳ್ಳಗಾಯಿತು. ಡಸ್ಟರಿನಿಂದ ಒಮ್ಮೆ ಒರೆಸಿದ್ದರೆ ಮುಗಿಯುತ್ತಿತ್ತು. ಆದರೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವ ಜಟ್ಟಿ ಅವರು. ಈ ಹುಡುಗಿಗೆ ಹಾಲ್ ಟಿಕೆಟ್ ಕೊಡಕೂಡದು ಎಂದು ಆಫೀಸಿಗೆ ಹೇಳಿಬಿಟ್ಟರು. ಪರೀಕ್ಷೆ ತಪ್ಪಿದರೆ ಅವಳಿಗೆ ಆ ಬೇಸಿಗೆಯಲ್ಲೇ ಮದುವೆ. ಮನೆಯವರು ಗಂಡನ್ನೂ ನೋಡಿಟ್ಟಿದ್ದರು.

ಅಪ್ಪ ಅಂಜಿನಪ್ಪ ಮಗಳನ್ನು ಕರೆದುಕೊಂಡು ಗಿರಣಿಗೆ ಬಂದ. ಮೇಷ್ಟ್ರೂ ಬಂದರು. ಮುರುಗೇಶಪ್ಪ ಇಬ್ಬರ ಮಾತನ್ನೂ ಕಣ್ಣು ಮುಚ್ಚಿ ಕೇಳಿದರು.

"ಮೇಷ್ಟ್ರು ನಾಲ್ಕಾಣೆ ಅಂತಾರೆ, ಹುಡುಗಿ ಎಂಟಾಣೆ ಅಂತಾಳೆ. ಯಾರಿಗೂ ನೋವಾಗಾದು ಬ್ಯಾಡ, ಆರಾಣೆ ಮಾಡ್ಕೊಳ್ರಿ. ಪರೀಕ್ಷೆಯಾಗೆ ಎಲ್ರೂ ಹಂಗೇ ಬರೀಲಿ."

ಮೇಷ್ಟ್ರು ಆಗಲಿ ಎಂದು ತಲೆಯಾಡಿಸಿದರು. ಎಂಎಸ್ಸಿ ಮಾಡಿದ ಮನುಷ್ಯ! ಕಾಲೇಜಿನ ಗುಮಾಸ್ತನಾಗಿ ಬಾಗಿಲಲ್ಲಿ ನಿಂತು ನೋಡಿದ ನನಗೆ ಈಗಲೂ ಮೈ ಉರಿಯುತ್ತದೆ. ಹುಲಿಗೆಮ್ಮ ಏನೋ ಹೇಳಲು ಹೊರಟಳು.

"ಹೂಂ ಅನ್ನವ್ವ, ನಿನ್ನ ಕಾಲಿಗೆ ಬೀಳ್ತೀನಿ," ಎಂದ ಅಂಜಿನಪ್ಪ.

ಅವಳು ಹೂಂ ಅಂದಳು. ಹಾಲ್ ಟಿಕೆಟ್ ಸಿಕ್ಕಿತು.

ಪಬ್ಲಿಕ್ ಪರೀಕ್ಷೆಯಲ್ಲಿ ಅದೇ ಪ್ರಶ್ನೆ ಬಂತು. ಕ್ಲಾಸಿಗೆ ಕ್ಲಾಸೇ ಹಿರಿಯರ ಮಾತಿಗೆ ಬೆಲೆ ಕೊಟ್ಟು ಆರಾಣೆ, ಅಂದರೆ ಎಂಟರಲ್ಲಿ ಮೂರು ಭಾಗ, ಎಂದು ಬರೆದು ಬಂತು. ಹುಲಿಗೆಮ್ಮ ಮಾತ್ರ ಅರ್ಧ ಎಂದು ಬರೆದಳು, ಹೊರಗೆ ಬಂದು ಹಾಗೆಂದು ಹೇಳಿಯೂ ಬಿಟ್ಟಳು. ಅವಳಿಗೆ ಫಸ್ಟ್ ಕ್ಲಾಸ್ ಬಂತು. ದಾವಣಗೆರೆಯ ಕಾಲೇಜು ಸೇರಲು ಟಿ.ಸಿ. ಬೇಕಾಗಿ ಅಪ್ಪನೊಡನೆ ಮತ್ತೆ ಮುರುಗೇಶಪ್ಪನವರ ಮುಂದೆ ನಿಂತಳು. ಅವರು ರುಜು ಹಾಕಿ ಕೊಡುತ್ತಾ ಹುಬ್ಬು ಗಂಟಿಕ್ಕಿದರು.

"ಹೂಂ ಅಂದು ಪಂಚಾಯ್ತಿ ಮಾತು ಮೀರಿದ್ಯಲ್ಲಮ್ಮ. ಇದು ಸರೀನಾ?"

ಹುಲಿಗೆಮ್ಮ ಮೊದಲು ಟಿ.ಸಿ.ಯನ್ನು ಮಡಚಿ ಅಪ್ಪನ ಜೇಬಿಗಿಟ್ಟಳು. ಆಮೇಲೆ ಬಾಯಿ ತೆರೆದಳು.

"ಮೀರಿದ್ದು ನಾನಲ್ಲ ಯಜಮಾನ್ರೆ, ತಂತಿ. ಅದನ್ನ ಕರೆಸ್ರಿ. ನಿಮ್ಮ ಮುಂದೆ ನಿಂತು ಅದೂ ಹೂಂ ಅಂತೈತೇನೋ ಕೇಳ್ರಿ."