ತಣ್ಣನೆಯ ಇಂಜಿನ್, ಕೆಂಪು ಮುಳ್ಳು

ಎರಡೂ ಕಣ್ಣು ಮಬ್ಬಾದ ಮೇಲೆ ಶಮಶುದ್ದೀನನನ್ನು ಗ್ಯಾರೇಜಿನ ಬಾಗಿಲಲ್ಲಿ ಕೂರಿಸಿ, ನಟ್ಟು ಬಿಗಿಯುವ ಪಾನೆ ಮುಟ್ಟಕೂಡದೆಂದು ಮಗ ನಿಯಾಜ ಹೇಳಿಬಿಟ್ಟಿದ್ದ. ಝಳಕಿಯ ಹೆದ್ದಾರಿ ಪಕ್ಕದ ಆ ಗ್ಯಾರೇಜನ್ನು ಮೂವತ್ತೆಂಟು ವರ್ಷ ನಡೆಸಿದವನು ಶಮಶುದ್ದೀನನೇ.

ಅಂದು ಬೆಳಿಗ್ಗೆ ಅಗರಖೇಡದ ನರ್ಸ್ ಭುವನೇಶ್ವರಿ ತನ್ನ ಕಾರು ಕೇಳಿಕೊಂಡು ಬಂದಳು. ಹಿಂದಿನ ಸಂಜೆ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ಏರಿದ್ದರಿಂದ ಗಾಡಿಯನ್ನು ಗ್ಯಾರೇಜಿನಲ್ಲೇ ಬಿಟ್ಟುಹೋಗಿದ್ದಳು.

“ಇಂಜಿನ್ ಬಿಚ್ಚಬೇಕ್ರಿ, ಎಂಟು ದಿನ ಹಿಡೀತೈತಿ,” ಎಂದ ನಿಯಾಜ.

ಶಮಶುದ್ದೀನ ಎದ್ದು ನಿಂತ. “ಬಿಚ್ಚೂದು ಆಮ್ಯಾಲ. ಅಕ್ಕಾರ, ಕೀಲಿ ಅಷ್ಟ ತಿರುವ್ರಿ, ಚಾಲೂ ಮಾಡಬ್ಯಾಡ್ರಿ. ಮುಳ್ಳು ಎಲ್ಲೈತಿ?”

“ಕೆಂಪಿನ್ಯಾಗ ಐತ್ರಿ.”

ಅವನು ತಡವುತ್ತ ಬಂದು ಇಂಜಿನ್ನಿನ ಮೇಲೆ ಅಂಗೈ ಇಟ್ಟ. “ನೀರಿನ ಗಡಗಿಹಂಗ ತಣ್ಣಗೈತಿ. ಕೆಟ್ಟಿದ್ದು ಇಂಜಿನ್ ಅಲ್ಲ, ಬಿಸಿ ಅಳೆಯೋ ಸೆನ್ಸರ್. ಹೊಸಾದೊಂದು ಕೊಡು.”

ನಿಯಾಜನ ಮುಖ ಬಿಗಿಯಿತು. “ನಾ ಹಾಕ್ತೇನಿ. ನಿಮಗ ಕಾಣಂಗಿಲ್ಲ.”

“ಅದು ಪೈಪಿನ ಕೆಳಗ ಹುದುಗಿರ್ತೈತಿ. ನಿನಗರ ಎಲ್ಲಿ ಕಾಣ್ತೈತಿ?”

“ಗಿರಾಕಿ ಮುಂದ ಮರ್ಯಾದಿ ಕಳೀಬ್ಯಾಡ್ರಿ, ಅಪ್ಪಾ.”

“ಕೂತು ಕೂತು ಕಳಕೊಂಡೇನಿ. ಆ ಕಡೆ ಸರಿ.”

ಅವಳಾದರೂ ಬೇಡವೆನ್ನಲೆಂದು ನಿಯಾಜ ಭುವನೇಶ್ವರಿಯ ಕಡೆ ನೋಡಿದ. “ಗಾಡಿ ನಂದೈತಿ, ಮಾಡ್ಲಿ ಬಿಡ್ರಿ,” ಎಂದಳು ಅವಳು. “ಕರೆಂಟ್ ಹೋದಾಗ ನಾನೂ ಕೈ ನಂಬಿ ಹೆರಿಗಿ ಮಾಡ್ಸೇನಿ.”

ನಿಯಾಜ ಹೊಸ ಸೆನ್ಸರ್ ತಂದುಕೊಟ್ಟ. ಶಮಶುದ್ದೀನ ಬ್ಯಾಟರಿಯ ವಾಯರ್ ಕಳಚಿದ. ಪೈಪಿನ ಕೆಳಗೆ ಬೆರಳು ತೂರಿಸಿ, ಕ್ಲಿಪ್ ಒತ್ತಿ, ಸೆನ್ಸರಿನ ಪ್ಲಗ್ ಬಿಡಿಸಿದ. ಪಾನೆ ಎರಡು ಸಲ ಜಾರಿತು; ಗೆಣ್ಣು ತರಚಿ ರಕ್ತ ಬಂತು. ನಿಯಾಜ ಮುಂದೆ ಬಂದ.

“ನಿಂದ್ರಲ್ಲೇ,” ಎಂದ ಶಮಶುದ್ದೀನ, ತಲೆ ಎತ್ತದೆ.

ಮೂರನೆಯ ಸಲ ಪಾನೆ ಹಿಡಿಯಿತು. ಹಳೆಯ ಸೆನ್ಸರ್ ಹೊರಬರುತ್ತಲೇ ಇಂಜಿನ್ ತಂಪಿಡುವ ಹಸಿರು ಕೂಲಂಟ್ ಅವನ ಮೊಣಕೈವರೆಗೆ ಹರಿಯಿತು. ತೂತಿಗೆ ಹೆಬ್ಬೆರಳು ಒತ್ತಿಹಿಡಿದು, ಹೊಸದನ್ನು ವಾಷರ್ ಸಮೇತ ಕೂರಿಸಿ, ಮೊದಲು ಬೆರಳಿನಿಂದಲೇ ತಿರುಗಿಸಿದ. ತಿರುಪಿನ ಸುತ್ತು ಸರಿಯಾಗಿ ಹಿಡಿದಿದೆಯೆಂದು ಖಾತ್ರಿಯಾದ ಮೇಲೆಯೇ ಪಾನೆ ಹಾಕಿ ಬಿಗಿದ. ಪ್ಲಗ್ಗು, ಬ್ಯಾಟರಿ ಜೋಡಿಸಿ, ಸೋರಿದಷ್ಟು ಕೂಲಂಟ್ ತುಂಬಿಸಿದ.

ಭುವನೇಶ್ವರಿ ಗಾಡಿ ಚಾಲೂ ಮಾಡಿದಳು. ಮುಳ್ಳು ತಳದಿಂದ ನಿಧಾನವಾಗಿ ಏರಿ ನಡುವೆ ನಿಂತಿತು. ಅರ್ಧ ಗಂಟೆ ಇಂಜಿನ್ ಓಡಿಸಿದರೂ ಅಲ್ಲಿಂದ ಕದಲಲಿಲ್ಲ.

ಅವಳು ಹೋದ ಮೇಲೆ ನಿಯಾಜ ಅಪ್ಪನ ಗೆಣ್ಣಿಗೆ ಬಟ್ಟೆ ಸುತ್ತಿದ. “ನನಗ ಹೊಳೀಲಿಲ್ಲ,” ಎಂದ.

ಅಷ್ಟರಲ್ಲಿ ಮೋರಟಗಿಯ ಪಿಕಪ್ ಒಂದು ಬಂದು ನಿಂತಿತು. ನಿಯಾಜ ಬಾನೆಟ್ ಎತ್ತಿ, ಪಕ್ಕಕ್ಕೆ ಸರಿದು, ಅಪ್ಪನಿಗೂ ಜಾಗ ಬಿಟ್ಟ.

“ಮೊದಲ ಚಾಲೂ ಮಾಡಸು,” ಎಂದ ಶಮಶುದ್ದೀನ. “ಸಪ್ಪಳ ಕೇಳೂಣು.”